ಅಕ್ಷರ ಕೆಟ್ಟರೆ ಸೋಮಾರಿತನವಲ್ಲ: ಒಂದು ಸ್ಪಷ್ಟನೆ

ಕಲಬುರಗಿಯ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ‘ಮಗುವಿನ ಅಕ್ಷರ ಕೆಟ್ಟದಾಗಿದ್ದರೆ ಅದು ಸೋಮಾರಿತನ. ದಿನಾ ಐದು ಪುಟ ಕಾಪಿ ಬರೆಸಿ. ಎಡಗೈ ಬಿಡಿಸಿ ಬಲಗೈ ರೂಢಿ ಮಾಡಿಸಿ.’ ಮೂರೂ ತಪ್ಪು.

ಐದಾರು ವರ್ಷಕ್ಕೆ ಬೆರಳುಗಳ ಹಿಡಿತ ಇನ್ನೂ ಪೂರ್ತಿ ಬಂದಿರುವುದಿಲ್ಲ. ಅದರಲ್ಲೂ ಕನ್ನಡ ಅಕ್ಷರ ಅಂದರೆ ಬರೀ ಸುತ್ತು, ತಿರುವು. ‘ಅ’ ಬರೆಯುವಾಗ ಪೆನ್ಸಿಲ್ ಎಷ್ಟು ಕಡೆ ಹೊರಳುತ್ತದೆ, ನೀವೇ ನಿಧಾನಕ್ಕೆ ಬರೆದು ನೋಡಿ. ನನ್ನ ಮಗಳು ಎಷ್ಟು ಒತ್ತಿ ಬರೆಯುತ್ತಿದ್ದಳೆಂದರೆ ಮೂರನೇ ಹಾಳೆಯ ಮೇಲೂ ಗೆರೆ ಮೂಡಿರುತ್ತಿತ್ತು. ಅಂಥ ಕೈಗೆ ಐದು ಪುಟ ಕೊಟ್ಟರೆ ನೋವು ಜಾಸ್ತಿ ಆಗುತ್ತದೆ, ತಪ್ಪು ಹಿಡಿತವೇ ಗಟ್ಟಿಯಾಗುತ್ತದೆ.

ಅದರ ಬದಲು ಜೋಳದ ಹಿಟ್ಟು ನಾದಲು ಬಿಡಿ. ಮೊರದಲ್ಲಿ ತೊಗರಿ ಬೇಳೆ ಹಾಕಿ ಕಲ್ಲು ಆರಿಸಲು ಕೊಡಿ. ಹೆಬ್ಬೆರಳು, ತೋರುಬೆರಳಿಗೆ ಅದೇ ವ್ಯಾಯಾಮ. ಬರೆಯುವುದು ಹತ್ತು ನಿಮಿಷ ಸಾಕು, ತುಂಡು ಪೆನ್ಸಿಲ್‌ನಲ್ಲಿ. ಕೂತಾಗ ಕಾಲು ಜೋತಾಡಬಾರದು, ಇದನ್ನು ಯಾರೂ ಗಮನಿಸುವುದೇ ಇಲ್ಲ!

ಎಡಗೈ ತಪ್ಪಲ್ಲ, ಸುಮ್ನೆ ಬಿಟ್ಟುಬಿಡಿ. ಹಾಳೆಯ ಮೇಲ್ತುದಿ ಸ್ವಲ್ಪ ಬಲಕ್ಕೆ ವಾಲಿಸಿದರೆ ಸಾಕು.

ಏಳೆಂಟು ವರ್ಷವಾದರೂ ಬರೆಯಲು ತುಂಬಾ ಕಷ್ಟಪಡುತ್ತಿದ್ದರೆ ಡಿಸ್ಗ್ರಾಫಿಯಾ, ಅಂದರೆ ಬರೆಯುವುದಕ್ಕೇ ಅಡ್ಡಿಯಾಗುವ ಕಲಿಕಾ ತೊಂದರೆ ಇರಬಹುದು. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ಬೇಕಾದರೆ ಅವರೇ ಆಕ್ಯುಪೇಷನಲ್ ಥೆರಪಿಸ್ಟ್ (ಬರೆಯುವಂಥ ದಿನನಿತ್ಯದ ಕೆಲಸಗಳಿಗೆ ತರಬೇತಿ ಕೊಡುವ ತಜ್ಞರು) ಹತ್ತಿರ ಕಳಿಸುತ್ತಾರೆ. ಇಂಥ ನಿರ್ದಿಷ್ಟ ಕಲಿಕಾ ತೊಂದರೆಗಳನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಗುರುತಿಸಿದೆ.