‘ಶಿ’ ಅಂದರೆ ನಾಲ್ಕೋ, ಅರ್ಧ ಏಳೋ?

ನಿನ್ನೆ ರಾತ್ರಿಯಿಂದ ನಾನು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದೇನೆ. ಕರಾಟೆ ಕ್ಲಾಸಿಗೆ ಹೋಗುವವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ತೊಡೆ ನನ್ನ ಮಾತು ಕೇಳುತ್ತಿಲ್ಲ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಮನೆಯವರೆಲ್ಲ ಕರಾಟೆಯನ್ನೇ ಬೈಯುತ್ತಿದ್ದಾರೆ. ಪಾಪ, ಕರಾಟೆದೇನೂ ತಪ್ಪಿಲ್ಲ. ತಪ್ಪೆಲ್ಲ ನಮ್ಮ ಸೆನ್ಸೈ, ಅಂದರೆ ಗುರುಗಳು, ಎಣಿಸುವ ರೀತಿಯದ್ದು.

ಕಿಬಾ ದಾಚಿ ಅಂತ ಒಂದು ನಿಲುವು ಇದೆ. ಕಾಲನ್ನು ಭುಜದ ಅಗಲಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಅಗಲಿಸಿ, ಮೊಣಕಾಲನ್ನು ಹೊರಕ್ಕೆ ಒತ್ತಿ, ಬೆನ್ನು ನೆಟ್ಟಗಿಟ್ಟು, ಇಲ್ಲದ ಕುರ್ಚಿಯ ಮೇಲೆ ಕೂತ ಹಾಗೆ ಕೂರಬೇಕು. ಅಲ್ಲಿಂದಲೇ ಒಂದೊಂದು ಎಣಿಕೆಗೆ ಒಂದೊಂದು ಪಂಚ್. ಎಣಿಕೆ ಜಪಾನಿ ಭಾಷೆಯಲ್ಲಿ. ಇಚಿ, ನಿ, ಸಾನ್, ಶಿ, ಗೋ, ರೋಕು, ಶಿಚಿ, ಹಾಚಿ, ಕು, ಜು. ಹತ್ತು ಎಣಿಸಲು ಅರ್ಧ ನಿಮಿಷ ಧಾರಾಳವಾಗಿ ಸಾಕು. ಲೆಕ್ಕದ ಪ್ರಕಾರ.

ನಮ್ಮ ಸೆನ್ಸೈ ಶುರುವೇನೋ ಚೆನ್ನಾಗಿಯೇ ಮಾಡುತ್ತಾರೆ. ‘ಇಚ್! ನೀ! ಸಾನ್! ಶಿ...’ ಅಷ್ಟರಲ್ಲಿ ಅವರ ಕಣ್ಣು ಮೂರನೇ ಸಾಲಿನ ಯಾವುದೋ ಮಣಿಕಟ್ಟಿನ ಮೇಲೆ ಬೀಳುತ್ತದೆ. ಎಣಿಕೆ ನಿಲ್ಲುತ್ತದೆ. ಸೆನ್ಸೈ ನಡೆದುಕೊಂಡು ಹೋಗುತ್ತಾರೆ, ಅದೂ ನಿಧಾನವಾಗಿ. ಆ ಹುಡುಗನ ಮುಷ್ಟಿ ಹಿಡಿದು, ಮೊದಲ ಎರಡು ಗೆಣ್ಣು ಮಾತ್ರ ತಾಗಬೇಕು, ಮಣಿಕಟ್ಟು ಮಡಚಬಾರದು, ಮಡಚಿದರೆ ಏಟು ಎದುರಾಳಿಗಲ್ಲ ನಿನಗೇ ಅಂತ ವಿವರಿಸುತ್ತಾರೆ. ಆಮೇಲೆ ಇನ್ನೊಂದು ಕೈ. ಅದು ಸೊಂಟದ ಹತ್ತಿರ ಇರಬೇಕಾದದ್ದು ಪಕ್ಕೆಲುಬಿನ ಹತ್ತಿರ ಇದೆ. ಅದನ್ನು ಇಳಿಸುತ್ತಾರೆ. ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. ಸಮಾಧಾನವಾಗುವುದಿಲ್ಲ. ಮತ್ತೆ ಹತ್ತಿರ ಹೋಗಿ ಒಂದು ಬೆರಳಿನಷ್ಟು ಸರಿಸುತ್ತಾರೆ.

ನಾವು ಉಳಿದವರು ಎಲ್ಲಿದ್ದೇವೆ? ಅಲ್ಲೇ. ಕಿಬಾ ದಾಚಿಯಲ್ಲೇ. ನಾಲ್ಕನೇ ಪಂಚ್ ಗಾಳಿಯಲ್ಲಿ ಚಾಚಿಕೊಂಡು.

ಮೊದಲು ತೊಡೆ ಬಿಸಿಯಾಗುತ್ತದೆ. ಆಮೇಲೆ ನಡುಕ ಶುರು. ಹಣೆಯ ಬೆವರು ಮೂಗಿನ ತುದಿಗೆ ಬಂದು ಅಲ್ಲೇ ಯೋಚನೆ ಮಾಡುತ್ತಾ ನಿಲ್ಲುತ್ತದೆ. ಒರೆಸುವ ಹಾಗಿಲ್ಲ. ಮೆಲ್ಲಗೆ ಮೇಲೇಳೋಣ ಅಂದುಕೊಂಡರೆ, ನಮಗೆ ಬೆನ್ನು ಹಾಕಿ ನಿಂತ ಸೆನ್ಸೈ ತಿರುಗದೆಯೇ ‘ಕೆಳಗೆ, ಕೆಳಗೆ’ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಅವರಿಗೆ ತಮ್ಮ ಗುರುಗಳ ನೆನಪಾಗಿರುತ್ತದೆ. ಅವರು ಎಷ್ಟು ಸ್ಟ್ರಿಕ್ಟ್ ಆಗಿದ್ದರು ಅನ್ನುವ ಕಥೆ ಹೊರಡುತ್ತದೆ. ಒಳ್ಳೇ ಕಥೆಯೇ, ಸುಮ್ನೆ ಹೇಳಬಾರದು. ಕೂತು ಕೇಳಿದರೆ ಇನ್ನೂ ಚೆನ್ನಾಗಿರುತ್ತಿತ್ತು. ಟೋಕಿಯೋ ಒಲಿಂಪಿಕ್ಸಿನಲ್ಲಿ ಕರಾಟೆ ಇತ್ತಲ್ಲ, 2021ರಲ್ಲಿ? ಅಲ್ಲಿ ಒಂದು ಕುಮಿತೆಗೆ, ಅಂದರೆ ಇಬ್ಬರ ಕಾದಾಟಕ್ಕೆ, ಮೂರೇ ನಿಮಿಷ. ಚಿನ್ನದ ಪದಕದ ಹಣೆಬರಹ ಬರೆದು ಮುಗಿಸುವಷ್ಟು ಹೊತ್ತಿನಲ್ಲಿ ನಮ್ಮಲ್ಲಿ ಒಂದು ಮಣಿಕಟ್ಟು ನೆಟ್ಟಗಾಗುವುದಿಲ್ಲ.

ಕಥೆ ಮುಗಿಸಿ ಸೆನ್ಸೈ ಮುಂದೆ ಬಂದು ನಿಲ್ಲುತ್ತಾರೆ. ‘ಎಲ್ಲಿದ್ವಿ?’

ಈ ಪ್ರಶ್ನೆಯಲ್ಲೇ ಇರೋದು ನಮ್ಮ ಆಸೆಯೆಲ್ಲ. ಯಾಕೆಂದರೆ ಜೋರಾಗಿ ಎಣಿಸುವಾಗ ಯಾರೂ ಪೂರ್ತಿ ಹೇಳುವುದಿಲ್ಲ. ಇಚಿ ‘ಇಚ್’ ಆಗುತ್ತದೆ, ಹಾಚಿ ‘ಹಾಚ್’ ಆಗುತ್ತದೆ. (ಒಮ್ಮೆ ಹಿಂದಿನ ಸಾಲಿನಲ್ಲಿ ಒಬ್ಬರು ನಿಜವಾಗಿ ಸೀನಿದ್ದಕ್ಕೆ ಅರ್ಧ ಕ್ಲಾಸ್ ಪಂಚ್ ಮಾಡಿತ್ತು.) ಹಾಗಾಗಿ ಬಾಯಲ್ಲಿ ‘ಶಿ’ ಅಂತ ನಿಂತುಹೋದದ್ದು ನಾಲ್ಕೂ ಆಗಿರಬಹುದು, ‘ಶಿಚಿ’ ಅನ್ನೋದರ ಮೊದಲರ್ಧ, ಅಂದರೆ ಏಳೂ ಆಗಿರಬಹುದು. ಇಡೀ ಕ್ಲಾಸು ಮಾತಾಡಿಕೊಳ್ಳದೆಯೇ ಒಂದು ಒಪ್ಪಂದಕ್ಕೆ ಬಂದಿರುತ್ತದೆ. ಏಳು. ಇನ್ನು ಮೂರೇ ಬಾಕಿ.

‘ಶಿ, ಸರ್! ನಾಲ್ಕು!’

ಇದು ಮುಂದಿನ ಸಾಲಿನ ಬ್ರೌನ್ ಬೆಲ್ಟ್. ವಯಸ್ಸು ಒಂಬತ್ತೋ ಹತ್ತೋ. ಎರಡು ಜಡೆ, ಮುಂದಿನ ಒಂದು ಹಲ್ಲು ಇನ್ನೂ ಬರಬೇಕು. ತೊಡೆ ಒಂದಿಷ್ಟೂ ನಡುಗುತ್ತಿಲ್ಲ.

‘ಇರಲಿ, ಮೊದಲಿಂದ ಮಾಡೋಣ’ ಅನ್ನುತ್ತಾರೆ ಸೆನ್ಸೈ.

ಆ ಮಗುವನ್ನು ಬೈಯುವ ಹಾಗೂ ಇಲ್ಲ. ಡೋಜೋದಲ್ಲಿ, ಅಂದರೆ ಕರಾಟೆ ಕಲಿಯುವ ಜಾಗದಲ್ಲಿ, ಸಾಲು ನಿಲ್ಲುವುದು ಬೆಲ್ಟ್ ಪ್ರಕಾರ, ವಯಸ್ಸಿನ ಪ್ರಕಾರ ಅಲ್ಲ. ಈ ಬೆಲ್ಟ್ ವ್ಯವಹಾರವೂ ಕರಾಟೆಯ ಸ್ವಂತದ್ದಲ್ಲ. 1882ರಲ್ಲಿ ಜೂಡೋ ಕಟ್ಟಿದ ಜಿಗೊರೊ ಕಾನೊ ಅವರ ಏರ್ಪಾಡನ್ನು ಗಿಚಿನ್ ಫುನಾಕೋಶಿ ಕರಾಟೆಗೂ ತಂದರು. ಅದರಿಂದಾಗಿ ಅವಳು ಮುಂದೆ, ನಾನು ಬಾಲದಲ್ಲಿ. ಅವಳು ನನಗೆ ಸೆನ್‌ಪಾಯ್ (ಅಂದರೆ ಸೀನಿಯರ್), ನಾನು ಅವಳಿಗೆ ಆಂಟಿ. ‘ಆಂಟಿ, ಮೊಣಕಾಲು ಒಳಗೆ ಬರ್ತಿದೆ’ ಅನ್ನುತ್ತಾಳೆ. ನಾನು ಬಗ್ಗಿ ‘ಓಸ್’ ಅನ್ನಬೇಕು. ಡೋಜೋದಲ್ಲಿ ಎಲ್ಲದಕ್ಕೂ ಉತ್ತರ ಓಸ್. ಅರ್ಥವಾದರೂ ಓಸ್, ಆಗದಿದ್ದರೂ ಓಸ್, ಕಾಲ್ಬೆರಳು ಇನ್ನೊಬ್ಬರ ಮೊಣಕೈಗೆ ಬಡಿದು ಜೀವ ಬಾಯಿಗೆ ಬಂದರೂ ಓಸ್.

ಇಷ್ಟಕ್ಕೂ ಹೀಗೆ ಸಾಲಾಗಿ ನಿಲ್ಲಿಸಿ ಎಣಿಸೋದು ಯಾರ ಐಡಿಯಾ ಅಂತ ಹುಡುಕಿದೆ. ಕೋಪ ಇಳಿಸಿಕೊಳ್ಳಲು ಒಂದು ಹೆಸರಾದರೂ ಬೇಕಲ್ಲ. ಸಿಕ್ಕಿದ್ದು ಜಪಾನಿನ ಒಕಿನಾವಾದ ಆಂಕೋ ಇತೊಸು. ಮೊದಲೆಲ್ಲ ಒಬ್ಬ ಗುರು, ಬೆರಳೆಣಿಕೆಯ ಶಿಷ್ಯರು. 1900ರ ದಶಕದ ಶುರುವಿನಲ್ಲಿ ಇತೊಸು ಕರಾಟೆಯನ್ನು ಅಲ್ಲಿನ ಶಾಲೆಗಳಿಗೆ ತಂದರು. ಶಾಲೆ ಅಂದಮೇಲೆ ಡ್ರಿಲ್ಲು, ಡ್ರಿಲ್ಲು ಅಂದಮೇಲೆ ಎಣಿಕೆ. ಮಕ್ಕಳಿಗೆ ಸುಲಭವಾಗಲಿ ಅಂತ ಐದು ಕಾತಾ, ಅಂದರೆ ಒಂದರ ಹಿಂದೆ ಒಂದು ಮಾಡುವ ಚಲನೆಗಳ ಸರಣಿ, ಬೇರೆ ಮಾಡಿಕೊಟ್ಟರು. ಅವೇ ಈಗ ನಾವು ಕಲಿಯುವ ಹೆಯಾನ್ ಕಾತಾಗಳು. ಹೆಯಾನ್ ಶೋದಾನ್‌ನಲ್ಲಿ 21 ಚಲನೆ. ಎಲ್ಲಿ ಶುರು ಮಾಡಿದೆವೋ ಅಲ್ಲೇ ಬಂದು ಮುಗಿಸಬೇಕು. ನಮ್ಮ ಬಿಳಿ ಬೆಲ್ಟ್ ಸಾಲಿನಲ್ಲಿ ಒಬ್ಬರು ಗೋಡೆಗೆ ಮೂಗು ತಾಗಿಸಿ ಮುಗಿಸುತ್ತಾರೆ, ಇನ್ನೊಬ್ಬರು ಚಪ್ಪಲಿ ರಾಶಿಯ ಹತ್ತಿರ. ಮಕ್ಕಳಿಗೆ ಸುಲಭ ಅಂದರು, ದೊಡ್ಡವರ ವಿಷಯ ಏನೂ ಹೇಳಲಿಲ್ಲ.

ಕಳೆದ ತಿಂಗಳು ಒಂದು ದಿನ ಸೆನ್ಸೈ ನಡೆದುಕೊಂಡು ಬಂದದ್ದು ನನ್ನ ಕಡೆಗೇ. ನನ್ನ ಮುಷ್ಟಿ ಬಿಚ್ಚಿಸಿ, ಬೆರಳುಗಳನ್ನು ಒಂದೊಂದಾಗಿ ಮಡಚಿ, ಹೆಬ್ಬೆರಳನ್ನು ಮೇಲೆ ಕೂರಿಸಿದರು. ಮೇಷ್ಟ್ರು ಕೈ ಹಿಡಿದು ಅಕ್ಷರ ತಿದ್ದಿಸಿದ ಮೇಲೆ ಯಾರೂ ನನ್ನ ಬೆರಳನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಆಫೀಸಿನಲ್ಲಿ ತಪ್ಪಾದರೆ ಮೇಲ್ ಬರುತ್ತದೆ, ಮನೆಯಲ್ಲಿ ತಪ್ಪಾದರೆ ನಿಟ್ಟುಸಿರು ಕೇಳಿಸುತ್ತದೆ. ತಾಳ್ಮೆಯಿಂದ ತಿದ್ದುವವರು ಎಲ್ಲಿದ್ದಾರೆ? ಗಂಟಲು ಸ್ವಲ್ಪ ಕಟ್ಟಿತು. ತಲೆ ಎತ್ತಿ ನೋಡಿದರೆ ಇಡೀ ಕ್ಲಾಸು ಕಿಬಾ ದಾಚಿಯಲ್ಲಿ ನಡುಗುತ್ತಾ ನನ್ನನ್ನೇ ನುಂಗುವ ಹಾಗೆ ನೋಡುತ್ತಿತ್ತು.

ನಿನ್ನೆ ಸೆನ್ಸೈ ಹೊಸ ಪದ್ಧತಿ ತಂದರು. ಇನ್ನು ಮೇಲೆ ಒಬ್ಬೊಬ್ಬರು ಹತ್ತತ್ತು ಎಣಿಸಬೇಕು. ನನ್ನ ಸರದಿ ಬಂತು. ಹಿಂದಿನ ಸಾಲಿನವರೆಲ್ಲ ಕಣ್ಣಲ್ಲೇ ಬೇಡಿಕೊಂಡರು. ಅವರ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತದೆಯೇ? ಇಚಿನಿಸಾನ್‌ಶಿಗೋರೋಕುಶಿಚಿಹಾಚಿಕುಜು! ಒಂದೇ ಉಸಿರು. ಕ್ಲಾಸು ಮುಗಿಯಿತು ಅಂತ ನಾಲ್ಕು ಜನ ಎದ್ದೂಬಿಟ್ಟರು.

‘ಸರ್, ಆಂಟಿ ತುಂಬಾ ಫಾಸ್ಟ್ ಸರ್’ ಅಂದಳು ಸೆನ್‌ಪಾಯ್. ‘ಮತ್ತೆ ಕು ಬಿಟ್ಟುಬಿಟ್ಟರು.’

ಬಿಟ್ಟಿರಲಿಲ್ಲ. ಆದರೂ ಓಸ್ ಅಂದೆ. ಮೊದಲಿಂದ ಎಣಿಸಿದವಳು ಅವಳು. ನಿಧಾನವಾಗಿ, ಒಂದೊಂದಕ್ಕೂ ಪೂರ್ತಿ ಉಸಿರು ಎಳೆದುಕೊಂಡು.