ಇತರೆ: ನಲವತ್ಮೂರು ರೂಪಾಯಿ

ಬೆಳಿಗ್ಗೆ ಆರೂಕಾಲಿಗೆ ಫೋನು ಟಿಂಗ್ ಅಂತು. ನಮ್ಮನೆಯಲ್ಲಿ ಆ ಹೊತ್ತಿಗೆ ಫೋನು ಸದ್ದು ಮಾಡಿದರೆ ಒಂದೋ ಯಾರೋ ಹೋಗಿಬಿಟ್ಟಿರುತ್ತಾರೆ, ಇಲ್ಲವೇ ದೊಡ್ಡಪ್ಪ ಗುಲಾಬಿ ಹೂವಿನ ಶುಭೋದಯ ಕಳಿಸಿರುತ್ತಾರೆ. ಒಂದು ಕಣ್ಣು ತೆರೆದು ನೋಡಿದೆ. ಎರಡೂ ಅಲ್ಲ. ‘ನೀವು 43 ರೂಪಾಯಿ ಕೊಡಬೇಕಾಗಿದೆ. ವಿವರ: ಇತರೆ.’

ವಾಟರ್ ಪಾರ್ಕಿಗೆ ಹೋಗಿಬಂದು ಇವತ್ತಿಗೆ ಒಂಬತ್ತು ದಿನ. ಬಿಸಿಲಿಗೆ ಸುಟ್ಟ ಹೆಗಲಿನ ಸಿಪ್ಪೆ ಎದ್ದು ಉದುರಿಹೋಯಿತು. ಬಲಗಿವಿಯಲ್ಲಿ ಗುಳುಗುಳು ಅನ್ನುತ್ತಿದ್ದ ನೀರು ಮೊನ್ನೆ ಆಫೀಸಿನ ಮೀಟಿಂಗ್ ನಡುವೆ ಬೆಚ್ಚಗೆ ಇಳಿದುಹೋಯಿತು. ಲೆಕ್ಕ ಮಾತ್ರ ಇಳಿದಿಲ್ಲ.

ನಮ್ಮದು ಐದು ಜನರ ಗುಂಪು. ನಾನು, ಗೌಡ, ಭಟ್ಟ, ಮೇಡಂ (ಕಾಲೇಜಿನಲ್ಲಿ ಒಂದೇ ಒಂದು ಸೆಮಿನಾರ್ ಕೊಟ್ಟ ತಪ್ಪಿಗೆ ಅಂಟಿಕೊಂಡ ಹೆಸರು), ಆಮೇಲೆ ಶಾನುಭೋಗ. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳನ್ನು ಸರ್ಕಾರ 1961ರ ಕಾಯ್ದೆಯಲ್ಲೇ ರದ್ದು ಮಾಡಿತಂತೆ. ಆ ಕಾಯ್ದೆ ನಮ್ಮ ಗುಂಪಿಗೆ ಇನ್ನೂ ತಲುಪಿಲ್ಲ. ಹಳೇ ಶಾನುಭೋಗರ ಲೆಕ್ಕದ ಪುಸ್ತಕ ಮಳೆಗೆ ನೆನೆಯುತ್ತಿತ್ತು, ಗೆದ್ದಲು ತಿನ್ನುತ್ತಿತ್ತು, ಬಡವರು ಹೇಗೋ ಬದುಕಿಕೊಳ್ಳುತ್ತಿದ್ದರು. ನಮ್ಮವನದು ಆ್ಯಪು. ಖರ್ಚು ಹಾಕಿದರೆ ತಾನೇ ಭಾಗ ಮಾಡಿ, ಯಾರು ಯಾರಿಗೆ ಎಷ್ಟು ಅಂತ ತೋರಿಸಿ, ಕೊಡದವರನ್ನು ಬೆಳಗಿನ ಜಾವ ಎಬ್ಬಿಸುತ್ತದೆ.

ಅವನೇನಾದರೂ ಮೋಸಗಾರನಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗಬಹುದಿತ್ತು. ಆದರೆ ಅವನು ಪ್ರಾಮಾಣಿಕ. ತೊಂದರೆ ಇರುವುದೇ ಅಲ್ಲಿ. ಬೈಟೂ ಕಾಫಿ ಬಂದರೆ ಎರಡೂ ಲೋಟ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ‘ನಿಂದ್ರಲ್ಲಿ ನೊರೆ ಜಾಸ್ತಿ ಇದೆ ಮಗಾ, ನಂದ್ರಲ್ಲಿ ಕಾಫಿ ಜಾಸ್ತಿ ಇದೆ, ನಾನು ಒಂದ್ ರೂಪಾಯಿ ಜಾಸ್ತಿ ಹಾಕ್ತೀನಿ’ ಅನ್ನುತ್ತಾನೆ. ಅಷ್ಟು ಹೊತ್ತಿಗೆ ಕಾಫಿ ಆರಿರುತ್ತದೆ. ಆರಿದ ಕಾಫಿಗೆ ಅವನ ಆ್ಯಪಿನಲ್ಲಿ ಕಾಲಮ್ಮಿಲ್ಲ.

ಪಾರ್ಕಿಗೆ ಹೋಗುವ ಮಾತು ಎದ್ದಾಗ ಗೌಡ ಬೈಕಲ್ಲೇ ಹೋಗೋಣ ಅಂದ. ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕು, ಆಟೋ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು ಅಂತ ಭಟ್ಟ ನೆನಪಿಸಿದ. ಸರ್ವಿಸ್ ರಸ್ತೆಯಲ್ಲಿ ಗೇರ್ ಬದಲಿಸಿ ಬದಲಿಸಿ ಪೆಟ್ರೋಲ್ ಎಷ್ಟು ಹೆಚ್ಚು ಕುಡಿಯುತ್ತದೆ ಅಂತ ಶಾನುಭೋಗ ಲೆಕ್ಕ ತೆಗೆಯತೊಡಗಿದ. ಗೌಡನ ತೂಕ ಕೇಳುವ ಹಂತಕ್ಕೆ ಬಂದಾಗ ಮೇಡಂ ಮಧ್ಯೆ ಬಾಯಿ ಹಾಕಿ, ಚಲ್ಲಘಟ್ಟದವರೆಗೆ ಮೆಟ್ರೋ, ಅಲ್ಲಿಂದ ಬಸ್ಸು ಅಂತ ತೀರ್ಪು ಕೊಟ್ಟಳು. ಮೆಟ್ರೋ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ 2025ರ ಫೆಬ್ರವರಿಯಲ್ಲಿ ಶಾನುಭೋಗ ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಆದರೂ ಬೈಕಿಗಿಂತ ಅಗ್ಗ ಬಂತು, ಒಪ್ಪಿದ.

ಬಸ್ಸಿನಲ್ಲಿ ಅವನಿಗೆ ಜೀವನದ ಮೊದಲ ಧರ್ಮಸಂಕಟ ಎದುರಾಯಿತು. ಕಂಡಕ್ಟರಿಗೆ ಮೇಡಂ ಆಧಾರ್ ತೋರಿಸಿದಳು, ಅವರು ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿದುಕೊಟ್ಟರು. ನಾಲ್ಕು ಟಿಕೆಟ್ಟಿಗೆ ದುಡ್ಡು, ಐದು ಜನ. ಐದರಿಂದ ಭಾಗಿಸಿದರೆ ಸರ್ಕಾರ ಅವಳಿಗೆ ಕೊಟ್ಟಿದ್ದನ್ನು ನಾವು ಕಿತ್ತುಕೊಂಡ ಹಾಗೆ. ನಾಲ್ಕರಿಂದ ಭಾಗಿಸಿದರೆ ಆ್ಯಪಿನಲ್ಲಿ ಅವಳ ಹೆಸರಿನ ಮುಂದಿನ ಗುರುತು ತೆಗೆಯಬೇಕು. ‘ಒಂದ್ಸಲ ತೆಗೆದ್ರೆ ಅದು ಹಾಗೇ ನಿಂತ್ಬಿಡತ್ತೆ ಮಗಾ’ ಅಂತ ಚಡಪಡಿಸಿದ. ಸೀಟಿಲ್ಲದೆ ಕಂಬಿ ಹಿಡಿದು ನಿಂತವನು, ಒಂದು ಕೈಯಲ್ಲಿ ಫೋನು, ಬ್ರೇಕ್ ಹಾಕಿದಾಗಲೆಲ್ಲ ಯಾರದೋ ಹೂಕೋಸಿನ ಚೀಲದ ಮೇಲೆ ಬೀಳುತ್ತಿದ್ದ.

ಪಾರ್ಕಿನ ತಿರುವು ದಾಟಿ ಬಿಡದಿಗೇ ಹೋದೆವು. ಮೈಸೂರು ರಸ್ತೆ ಹಿಡಿದು ತಟ್ಟೆ ಇಡ್ಲಿ ತಿನ್ನದೆ ವಾಪಸಾದರೆ ಪಾಪ ಸುತ್ತಿಕೊಳ್ಳುತ್ತದೆ ಅನ್ನುವುದು ಗೌಡನ ನಂಬಿಕೆ. ಅಂಗೈಗಿಂತ ಅಗಲದ ಇಡ್ಲಿ, ಅದರ ಮೇಲೆ ಕರಗಿ ಜಾರುವ ಬೆಣ್ಣೆ. ಗೌಡ ನಾಲ್ಕು ತಿಂದ, ಭಟ್ಟ ಒಂದೂವರೆ. ಇಡ್ಲಿ ಲೆಕ್ಕ ಸುಲಭವಾಗಿ ಬಗೆಹರಿಯಿತು. ಚಟ್ನಿಯನ್ನು ಮಾತ್ರ ಬಕೆಟ್ಟಿನಲ್ಲಿ ತಂದು ಬಡಿಸಿದರು, ಅದಕ್ಕೆ ಬಿಲ್ಲೇ ಇಲ್ಲ. ಶಾನುಭೋಗನ ಮುಖದಲ್ಲಿ ಒಂದು ಕ್ಷಣ ಶಾಂತಿ ಕಂಡಿತು.

ಪಾರ್ಕಿನ ಬಾಗಿಲಲ್ಲಿ ಅಮ್ಮ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಡಬ್ಬಿಯನ್ನು ಸೆಕ್ಯುರಿಟಿಯವರು ನಯವಾಗಿ ಎತ್ತಿ ಪಕ್ಕಕ್ಕಿಟ್ಟರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಬೋರ್ಡು ಇತ್ತು, ನಾವು ಓದಿರಲಿಲ್ಲ, ತಪ್ಪು ನಮ್ಮದೇ. ಇಡ್ಲಿ ಇನ್ನೂ ಗಂಟಲಲ್ಲಿರುವಾಗ ಐದು ಜನ ಪಾರ್ಕಿಂಗ್ ಜಾಗದಲ್ಲಿ ನಿಂತು, ಡಬ್ಬಿಯ ಮುಚ್ಚಳವನ್ನೇ ತಟ್ಟೆ ಮಾಡಿಕೊಂಡು ಎರಡು ಕೆಜಿ ಪುಳಿಯೋಗರೆ ಮುಗಿಸಿದೆವು. ಇದನ್ನು ನಿನ್ನ ಹೆಸರಿಗೆ ಎಷ್ಟು ಜಮಾ ಹಾಕಲಿ ಅಂತ ಶಾನುಭೋಗ ಕೇಳಿದ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ‘ಬಾಯ್ ಮುಚ್ಕೊಂಡು ತಿನ್ನು ಅಂತ ಹೇಳು ಆ ಹುಡ್ಗಂಗೆ’ ಅಂದರು.

ಇನ್ನು ಚಡ್ಡಿ ವಿಚಾರ. ನೀರಿಗೆ ಇಳಿಯಬೇಕಾದರೆ ನೈಲಾನ್ ಬಟ್ಟೆಯೇ ಆಗಬೇಕು. ಹತ್ತಿ ಬಟ್ಟೆಯ ಎಳೆ ಬಿಟ್ಟುಕೊಂಡರೆ ನೀರು ಸೋಸುವ ಯಂತ್ರ ಕಟ್ಟಿಕೊಳ್ಳುತ್ತದಂತೆ. ಗೊತ್ತಿದ್ದೇ ನಾನು ಮನೆಯ ಹತ್ತಿರ ತಳ್ಳುಗಾಡಿಯಲ್ಲಿ ಗಿಣಿ ಚಿತ್ರದ ಒಂದು ನೈಲಾನ್ ಚಡ್ಡಿ ಕೊಂಡಿದ್ದೆ. ಒಣಗಿದ್ದಾಗ ಅದರ ಎಲಾಸ್ಟಿಕ್ ಸೊಂಟವನ್ನು ಗಟ್ಟಿಯಾಗಿ ಹಿಡಿದಿತ್ತು. ನೆನೆದ ಕೂಡಲೇ ಸಂಬಂಧ ಕಡಿದುಕೊಂಡಿತು. ಅಲೆಯ ಕೊಳದಲ್ಲಿ ಸೈರನ್ ಕೂಗಿತು, ಇನ್ನೂರು ಮುನ್ನೂರು ಜನ ಎರಡೂ ಕೈ ಮೇಲೆತ್ತಿ ಹೋ ಅಂತ ಎಗರಿದರು. ನಾನೊಬ್ಬ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಪಂಢರಾಪುರದ ವಿಠ್ಠಲನ ಹಾಗೆ ನಿಂತಿದ್ದೆ. ಅಲೆ ಬಂತು, ಹೋಯಿತು, ಮತ್ತೆ ಬಂತು. ಪಕ್ಕದಲ್ಲಿದ್ದ ಒಬ್ಬರು ಅಜ್ಜಿ ‘ಯಾಕಪ್ಪ, ಸೊಂಟ ಹಿಡ್ಕೊಂಡ್ತಾ?’ ಅಂತ ಕೇಳಿದರು. ಹೌದಜ್ಜಿ, ಹಿಡ್ಕೊಂಡೇ ಇದೀನಿ ಅಂದೆ. ಶಾನುಭೋಗ ಎಲ್ಲಿಂದಲೋ ಒಂದು ಪಿನ್ನು ತಂದುಕೊಟ್ಟು ಮಾನ ಉಳಿಸಿದ. ಗೆಳೆಯ ಅಂದರೆ ಹೀಗಿರಬೇಕು ಅಂತ ಆಗ ಅನ್ನಿಸಿದ್ದು ನಿಜ.

ಅವತ್ತು ಅವನಿಗೆ ಒಂದು ದೊಡ್ಡ ಆಪತ್ತು ಬಂದಿತ್ತು. ಫೋನು ಲಾಕರಿನಲ್ಲಿ. ಪೆನ್ನಿಲ್ಲ, ಪೇಪರಿಲ್ಲ. ಕೊರಳಿಗೆ ನೇತುಹಾಕಿಕೊಂಡ ಪ್ಲಾಸ್ಟಿಕ್ ಚೀಲದಲ್ಲಿ ಒಂದಿಷ್ಟು ನೋಟು ಮಾತ್ರ. ಹಾಗಾಗಿ ಇಡೀ ದಿನದ ಖರ್ಚನ್ನು ಬಾಯಿಪಾಠ ಮಾಡಿಕೊಂಡು ತಿರುಗುತ್ತಿದ್ದ. ಜಾರುಬಂಡೆಯ ಮೆಟ್ಟಿಲು ಹತ್ತುವಾಗ, ಕ್ಯೂನಲ್ಲಿ ನಿಂತಾಗ, ನೀರಲ್ಲಿ ಟ್ಯೂಬಿನ ಮೇಲೆ ಮಲಗಿ ತೇಲುವಾಗ ತುಟಿ ಅಲ್ಲಾಡುತ್ತಲೇ ಇತ್ತು. ಯಾರೋ ಹೆಂಗಸು ಇವನು ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದಾನೆ ಅಂದುಕೊಂಡು ಮಗನಿಗೆ ತೋರಿಸಿದರು: ‘ನೋಡು, ಆ ಅಣ್ಣ ಎಷ್ಟು ಒಳ್ಳೇವ್ರು.’ ನಾವು ಮಧ್ಯೆ ಮಾತಾಡಿಸಿದರೆ ಕೈ ಅಡ್ಡ ಹಿಡಿದು, ಮೊದಲಿಂದ ಶುರು. ಗೌಡ ಬೇಕಂತಲೇ ಕಿವಿಯ ಹತ್ತಿರ ಹೋಗಿ ‘ಹದಿನೇಳು, ತೊಂಬತ್ತೆರಡು, ಇಪ್ಪತ್ತಾರು’ ಅನ್ನುತ್ತಿದ್ದ.

ಮಧ್ಯಾಹ್ನ ಬಟ್ಟೆ ಬದಲಿಸಿ ರೋಲರ್ ಕೋಸ್ಟರ್ ಹತ್ತಿದೆವು. ಉಳಿದ ಮೂವರೂ ಓಡಿಹೋಗಿ ಮುಂದಿನ ಸಾಲು ಹಿಡಿದರು. ನನ್ನ ಪಕ್ಕ ಶಾನುಭೋಗ. ಕಬ್ಬಿಣದ ಕಂಬಿ ತೊಡೆಯ ಮೇಲೆ ಕೂತಿತು, ಗಾಡಿ ಹೊರಟಿತು. ಮೇಲೇರುವಾಗ ಕೆಳಗಿನಿಂದ ಟಕ ಟಕ ಟಕ ಅಂತ ಸದ್ದು ಬರುತ್ತದಲ್ಲ, ಅದು ಗಾಡಿ ಹಿಂದಕ್ಕೆ ಜಾರದಂತೆ ತಡೆಯುವ ಕೊಕ್ಕೆಯ ಸದ್ದು ಅಂತ ಮುಂದಿನಿಂದ ಭಟ್ಟ ಕೂಗಿ ಹೇಳಿದ. ತುದಿಗೆ ಎಳೆದು ಬಿಟ್ಟಮೇಲೆ ಅದಕ್ಕೆ ಇಂಜಿನ್ನೂ ಇಲ್ಲ, ಮಣ್ಣೂ ಇಲ್ಲ, ಬಿದ್ದ ವೇಗದಲ್ಲೇ ಉಳಿದ ದಾರಿ ಸುತ್ತುತ್ತದಂತೆ. ‘ಹೌದಾ?’ ಅಂದ ಶಾನುಭೋಗ. ಬಾಯಿಪಾಠ ನಿಂತಿತು. ‘ಒಂದೇ ಸಲ ಖರ್ಚು, ಆಮೇಲೆಲ್ಲ ಫ್ರೀ!’ ಅವನ ಕಣ್ಣಲ್ಲಿ ನೀರು ಬಂದಿತ್ತು. ಗಾಳಿಗಿರಬಹುದು.

ತುದಿ ತಲುಪಿದೆವು. ಟಕ ಟಕ ನಿಂತಿತು. ಕೆಳಗೆ ಲಾಕರ್ ಕೋಣೆ ಬೆಂಕಿಪೊಟ್ಟಣದಷ್ಟು ಕಾಣುತ್ತಿದೆ. ನನ್ನ ಹೊಟ್ಟೆಯೊಳಗೆ ಇಡ್ಲಿಯೂ ಪುಳಿಯೋಗರೆಯೂ ಒಂದನ್ನೊಂದು ತಬ್ಬಿಕೊಂಡಿವೆ. ನನಗೆ ನೆನಪಿದ್ದ ದೇವರೆಲ್ಲ ಒಂದೇ ಉಸಿರಿನಲ್ಲಿ ಬಾಯಿಗೆ ಬಂದರು. ಆಗ ಶಾನುಭೋಗ ನನ್ನ ಕಡೆ ತಿರುಗಿದ. ಹೆದರಿದ್ದಾನೆ, ಕೈ ಹಿಡಿದುಕೊಳ್ಳುತ್ತಾನೆ ಅಂದುಕೊಂಡು ನಾನೇ ಕೈ ಮುಂದೆ ಚಾಚಿದೆ.

‘ಮಗಾ, ಪಿನ್ನಿಂದು ಮರ್ತೇಬಿಟ್ಟಿದ್ದೆ. ಐದು!’ ಅಂದ. ಬಿದ್ದೆವು.

ಆ ಬೀಳುವ ಜಾಗದಲ್ಲೇ ಒಂದು ಕ್ಯಾಮೆರಾ ಇತ್ತು. ಇಳಿದು ಬಂದಾಗ ಟಿವಿಯಲ್ಲಿ ನಮ್ಮ ಫೋಟೋ. ಮುಂದಿನ ಸಾಲಿನಲ್ಲಿ ಗೌಡನ ಬಾಯಿಯಲ್ಲಿ ಕಡುಬು ಹೋಗುವಷ್ಟು ಜಾಗ, ಭಟ್ಟ ಕಣ್ಣು ಮುಚ್ಚಿ ಜನಿವಾರ ಹಿಡಿದಿದ್ದಾನೆ, ಮೇಡಂ ಕೂದಲು ಅವಳ ಬಾಯೊಳಗೇ. ಹಿಂದೆ ನಾನು ಸತ್ತವನ ಹಾಗಿದ್ದೇನೆ. ನನ್ನ ಪಕ್ಕ ಶಾನುಭೋಗ, ಬೀಳುತ್ತಿರುವ ಪರಿವೆಯೇ ಇಲ್ಲದೆ, ನೇರವಾಗಿ ನನ್ನ ಮುಖ ನೋಡುತ್ತ, ಐದೂ ಬೆರಳು ಬಿಡಿಸಿ ತೋರಿಸುತ್ತಿದ್ದಾನೆ. ಕಾಂಗ್ರೆಸ್ ಪ್ರಚಾರಕ್ಕೆ ಬಂದವನಂತೆ.

ನಗು ತಡೆಯಲಾಗದೆ ಒಂದು ಪ್ರಿಂಟ್ ಹಾಕಿಸಿದೆವು. 150 ರೂಪಾಯಿ, ತಲೆಗೆ 30. ಒಂದೇ ಫೋಟೋ, ಐವರು ಮಾಲೀಕರು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ತಿಂಗಳು ಅಂತ ಅಲ್ಲೇ ಪಟ್ಟಿಯಾಯಿತು. ಊರ ಉತ್ಸವಮೂರ್ತಿ ಕೂಡ ಇಷ್ಟು ಶಿಸ್ತಾಗಿ ಮನೆ ಮನೆ ಸುತ್ತುವುದಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಒದ್ದೆ ಚೀಲಗಳು ತೊಡೆಯ ಮೇಲೆ, ಎಲ್ಲರ ಮೈಯಲ್ಲೂ ಕ್ಲೋರಿನ್ ವಾಸನೆ. ನವೆಂಬರಿನಲ್ಲಿ ಶಿವಮೊಗ್ಗದಲ್ಲಿ ಮೇಡಂ ಮದುವೆ. ನಾಲ್ವರೂ ಸೇರಿ 501 ಮುಯ್ಯಿ ಮಾಡೋಣ ಅಂತ ಗೌಡ ಅಂದ. ತಲಾ ನೂರಾ ಇಪ್ಪತ್ತೈದು ರೂಪಾಯಿ ನಾಲ್ಕಾಣೆ ಅಂತ ಶಾನುಭೋಗ ಥಟ್ಟನೆ ಅಂದ. ನಾಲ್ಕಾಣೆ 2011ರಲ್ಲೇ ಚಲಾವಣೆ ಬಿಟ್ಟುಹೋಯಿತು ಕಣೋ ಅಂದರೆ, ಯುಪಿಐಯಲ್ಲಿ ಕಳಿಸಬಹುದು ಅಂದ. ಐನೂರೊಂದು ರೂಪಾಯಿಗೆ ನೀವು ನಾಲ್ಕೂ ಜನ ಬಂದು ಊಟ ಮಾಡ್ತೀರಾ ಅಂತ ಮೇಡಂ ಚೀಲದಿಂದ ಹೊಡೆದಳು.

ಭಟ್ಟ ಮಾತಾಡಲಿಲ್ಲ. ಮುಂದಿನ ತಿಂಗಳು ಅವನು ಪುಣೆಗೆ. ಕೆಲಸ ಸಿಕ್ಕಿದೆ, ರೂಮು ನೋಡಿಯಾಗಿದೆ. ಸ್ವಲ್ಪ ಹೊತ್ತು ಬಿಟ್ಟು, ‘ಫೋಟೋ ನನ್ನ ತಿಂಗಳು ಬಂದಾಗ ಏನ್ ಮಾಡ್ತೀರ?’ ಅಂದ. ಕೊರಿಯರ್ ಮಾಡೋದು ಅಂತ ನಾನಂದೆ. ಆಮೇಲೆ ನಾಲ್ವರೂ ಶಾನುಭೋಗನ ಕಡೆ ನೋಡಿದೆವು. ಹೋಗುವ ಖರ್ಚು ಯಾರದು, ಬರುವ ಖರ್ಚು ಯಾರದು, ದಾರಿಯಲ್ಲಿ ಗಾಜು ಒಡೆದರೆ ಏನು ಅಂತ ಶುರು ಮಾಡುತ್ತಾನೆ ಅಂತ ಕಾದೆವು. ಅವನು ಕಿಟಕಿಯಾಚೆ ರಾಜರಾಜೇಶ್ವರಿ ನಗರದ ಕಮಾನು ಬರುವವರೆಗೂ ನೋಡುತ್ತಿದ್ದು, ‘ಕೊರಿಯರ್ ನಂದು, ಬಿಡು’ ಅಂದ.

ಯಾರೂ ಏನೂ ಅನ್ನಲಿಲ್ಲ. ಗೌಡ ಕೂಡ. ಚಲ್ಲಘಟ್ಟದಲ್ಲಿ ಇಳಿಯಬೇಕಾಗಿದ್ದನ್ನು ಮರೆತು ಐದು ಸ್ಟೇಷನ್ ಮುಂದೆ ಬಂದುಬಿಟ್ಟಿದ್ದೆವು ಅನ್ನುವುದು ಆಗಲೇ ಗೊತ್ತಾಗಿದ್ದು.

ಅದೆಲ್ಲ ಸರಿ. ಆದರೆ ಆರೂಕಾಲಿಗೆ ಎಬ್ಬಿಸಿದ್ದನ್ನು ಕ್ಷಮಿಸುವ ಮನಸ್ಸು ನನಗಿರಲಿಲ್ಲ. ಫೋನ್ ಮಾಡಿ, ಈ ‘ಇತರೆ’ ಅಂದರೆ ಏನೋ ಅಂತ ಕೇಳಿದೆ. ಅವನು ಆಗಲೇ ಸ್ನಾನ ಮಾಡಿ ಕೂತಿದ್ದ ಅಂತ ಕಾಣುತ್ತದೆ, ಪಟಪಟ ಒಪ್ಪಿಸಿದ. ಫೋಟೋ ಮೂವತ್ತು. ಸನ್‌ಸ್ಕ್ರೀನ್ ಎಂಟು, ಯಾಕೆಂದರೆ ನೀನು ಎರಡು ಸಲ ಹಚ್ಚಿಕೊಂಡೆ. ಪಿನ್ನು ಐದು.

‘ಹಚ್ಕೊಂಡೂ ನನ್ನ ಹೆಗಲು ಸುಟ್ಟುಹೋಯ್ತಲ್ಲೋ!’

‘ಅದು ಕಂಪನಿಯವ್ರನ್ನ ಕೇಳು. ಪಿನ್ನು ಇದ್ರೆ ವಾಪಸ್ ಕೊಡು, ಮೂರ್ ರೂಪಾಯಿ ಕಳೀತೀನಿ.’

ಪಿನ್ನು ಗಿಣಿ ಚಡ್ಡಿಯಲ್ಲೇ ಇದೆ, ಚಡ್ಡಿ ಅಮ್ಮನ ನೆಲ ಒರೆಸುವ ಬಟ್ಟೆಯಾಗಿದೆ. ಅದನ್ನೆಲ್ಲ ಹೇಳದೆ ಫೋನಿಟ್ಟೆ. ಯುಪಿಐ ತೆಗೆದು 42 ರೂಪಾಯಿ ಕಳಿಸಿ ಮುಸುಕೆಳೆದುಕೊಂಡೆ.

ಟಿಂಗ್.

‘ನೀವು 1 ರೂಪಾಯಿ ಕೊಡಬೇಕಾಗಿದೆ.’

ಇರಲಿ ಬಿಡಿ. ನಾಳೆಯೂ ಎಬ್ಬಿಸಲಿ.