ಮರಗಸಿಯವನಿಗೊಂದು ಶಾಲು

ಏಪ್ರಿಲ್ ಬಂತೆಂದರೆ ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಬೆಳೆಗಾರರ ಸಭೆಗಳ ಸುಗ್ಗಿ. ವಿಷಯ ಒಂದೇ: ನುರಿತ ಆಳುಗಳನ್ನು ಉಳಿಸಿಕೊಳ್ಳುವುದು ಹೇಗೆ? ಮರಗಸಿಗೆ, ಅಂದರೆ ಕಾಫಿಗೆ ನೆರಳು ಕೊಡುವ ಮರ ಹತ್ತಿ ಕೊಂಬೆ ಸವರುವ ಕೆಲಸಕ್ಕೆ, ಇಂತಿಷ್ಟೇ ಕೂಲಿ, ಯಾರೂ ಒಂದು ರೂಪಾಯಿ ಹೆಚ್ಚಿಗೆ ಕೊಡಕೂಡದು ಎಂದು ಸರ್ವಾನುಮತದ ನಿರ್ಣಯ. ಆಮೇಲೆ ಅಕ್ಕಿರೊಟ್ಟಿ, ಕೋಳಿಸಾರು. ಕೈ ತೊಳೆಯುವ ಹೊತ್ತಿಗೆ, ನಿರ್ಣಯಕ್ಕೆ ಕೈ ಎತ್ತಿದವರಲ್ಲಿ ಅರ್ಧ ಜನ ಜೀಪಿನ ಮರೆಯಲ್ಲಿ ನಿಂತು ಪಕ್ಕದ ತೋಟದ ಮರಗಸಿಯವನಿಗೆ ಫೋನ್ ಹಚ್ಚಿರುತ್ತಾರೆ. "ಏನಪ್ಪಾ, ಚೆನ್ನಾಗಿದ್ದೀಯಾ? ಮಕ್ಳು ಏನ್ ಓದ್ತಾ ಇದಾರೆ?" ಅವನಿಗೆ ಮಕ್ಕಳಿರುವುದು ಸಾಹುಕಾರರಿಗೆ ನೆನಪಾಗುವುದು ಮುಂಗಾರಿಗೆ ಮುಂಚೆ ಮಾತ್ರ.

ಈ ಅಕ್ಕರೆಗೆ ಕಾರಣವಿದೆ. ಕತ್ತಿ ಬೀಸುವುದಕ್ಕೆ ಯಾರಾದರೂ ಸಿಗುತ್ತಾರೆ. ಯಾವ ಕೊಂಬೆ ಬಿಡಬೇಕೆಂದು ಬಲ್ಲವನು ಸಿಗುವುದಿಲ್ಲ. ನೆರಳಿನ ಮರ ಹಾಲುವಾಣವನ್ನು ಮಳೆಗೆ ಮುಂಚೆ ಸವರಬೇಕು. ಅತ್ತಿ, ಬಸರಿ, ಹಲಸಿನಲ್ಲಿ ಕೆಳಗಿನ ಕೊಂಬೆ ತೆಗೆದು ಮೇಲೆ ಚದುರಿದ ನೆರಳು ಉಳಿಸಬೇಕು. ದಪ್ಪ ಕೊಂಬೆಯಾದರೆ ಹಗ್ಗ ಕಟ್ಟಿ, ಕೆಳಗಿನ ಕಾಫಿ ಗಿಡ ಸೀಳದಂತೆ ಇಳಿಸಬೇಕು. ಜಾಸ್ತಿ ಕಡಿದರೆ ಅರೇಬಿಕಾ ಜಾತಿಯ ಕಾಫಿ ಗಿಡದ ಕಾಂಡಕ್ಕೆ ಬಿಸಿಲು ಬಿದ್ದು ಬಿಳಿ ಕಾಂಡಕೊರಕ ದುಂಬಿಗೆ ಹಬ್ಬ. ತೊಗಟೆಯ ಬಿರುಕಿನಲ್ಲಿ ಅದು ಇಟ್ಟ ಮೊಟ್ಟೆ ಹುಳುವಾಗಿ ಒಳಗೆ ಕೊರೆದರೆ ಗಿಡವನ್ನೇ ಕಿತ್ತು ಸುಡುವುದು. ಕಮ್ಮಿ ಕಡಿದರೆ ಜುಲೈನಲ್ಲಿ ಗಾಳಿಯಾಡದೆ ಕೊಳೆರೋಗ, ಕಪ್ಪಾದ ಎಲೆಗಳು ನೂಲಿಗೆ ಕಟ್ಟಿದ ಹಾಗೆ ಜೋತಾಡುತ್ತವೆ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ನು, ಪಲ್ಪರ್, ನೋಡಿಕೊಳ್ಳುವವನದೂ ಇದೇ ಕಥೆ. ಕೊಯ್ದ ಹಣ್ಣು ಅದೇ ದಿನ ಪಲ್ಪ್ ಆಗಬೇಕು. ಮಿಷನ್ನಿನ ಸಂದು ಕಿರಿದಾದರೆ ಬೀಜ ಗಾಯವಾಗುತ್ತದೆ, ಅಗಲವಾದರೆ ಹಣ್ಣು ಇಡಿಯಾಗಿ ದಾಟಿಹೋಗುತ್ತದೆ. ತೊಟ್ಟಿಯಲ್ಲಿ ಅರೇಬಿಕಾದ ಲೋಳೆ ಬಿಡಲು 24ರಿಂದ 36 ಗಂಟೆ, ಚಳಿ ಹೆಚ್ಚಿದ್ದರೆ ಇನ್ನೂ ತಡ. ಒಂದು ಹಿಡಿ ಬೀಜ ತೊಳೆದು ಹಿಸುಕಿದಾಗ ಜಾರದೆ ಒರಟೊರಟಾಗಿ ಸಿಕ್ಕರೆ ಆಯಿತು. ಹೊತ್ತು ಮೀರಿದರೆ ಹುಳಿ, ಆಮೇಲೆ ನಾತ. ಅಂಗೈಯಲ್ಲೇ ಇಷ್ಟು ವಿದ್ಯೆ ಇರುವವನಿಗೆ ಕೊಯ್ಲು ಮುಗಿದ ದಿನ "ಬರೋ ವರ್ಷ ನೋಡೋಣ" ಎಂದು ಲೆಕ್ಕ ಚುಕ್ತಾ. ನವೆಂಬರಿನಲ್ಲಿ ಹುಡುಕಿದರೆ ಅವನು ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೀಟಿ ಊದುತ್ತಿರುತ್ತಾನೆ. "ಈಗಿನವರಿಗೆ ನಿಯತ್ತಿಲ್ಲ ಕಣ್ರೀ!" ಎಂದು ಸಾಹುಕಾರರ ಗೋಳು.

ನಿಯತ್ತು ಬೆಳೆಸಲು ಹಳೆಯ ಗೊಬ್ಬರವೊಂದಿದೆ, ಅಡ್ವಾನ್ಸ್. ಸಾಲ ಕೊಟ್ಟು, ಅದು ತೀರುವ ತನಕ ಬಿಟ್ಟುಹೋಗದಂತೆ ಆಳನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ, ಮೂರು ವರ್ಷದವರೆಗೆ ಜೈಲು. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಅದರ ಹೆಸರು 'ಕಲ್ಯಾಣ ನಿಧಿ'. ಪಕ್ಕದ ತೋಟದವರು ಆ ಬಾಕಿ ತೀರಿಸಿ ಆಳನ್ನು ಕರೆದೊಯ್ದರೆ ಮಾತ್ರ ಅದು ಅನ್ಯಾಯ.

ಈಗ ಹೊಸ ಉಪಾಯ, ಸನ್ಮಾನ. ಶಾಲು, ಹಾರ, ಫಲಕ. ಫ್ಲೆಕ್ಸಿನಲ್ಲಿ ಸಾಹುಕಾರರು ಆಳೆತ್ತರ, ಆಳು ಅಂಗೈಯಗಲ. ಸನ್ಮಾನಿತ ಮೆಲ್ಲಗೆ "ಸೊಂಟಕ್ಕೊಂದು ಬೆಲ್ಟು, ಒಂದು ಆಕ್ಸಿಡೆಂಟ್ ಇನ್ಶೂರೆನ್ಸ್ ಆಗಿದ್ರೆ..." ಎಂದರೆ, "ನಿಮ್ಮಪ್ಪ ಬೆಲ್ಟ್ ಹಾಕ್ಕಂಡು ಹತ್ತಿದ್ನಾ?" ಮೆಣಸು ಕೊಯ್ಲಿಗೆ ಅಲ್ಯೂಮಿನಿಯಂ ಏಣಿ, ಹಗುರ ನೋಡಿ. ತೋಟದ ನಡುವೆ ಹಾಯ್ದ ಕರೆಂಟ್ ತಂತಿಗೆ ತಾಗಿ ಜೀವ ಹೋದದ್ದು ಮಲೆನಾಡಿಗೆ ಹೊಸತಲ್ಲ. ಫೈಬರ್ ಏಣಿ ದುಬಾರಿಯಂತೆ. ಆಳುಗಳಿರುವ ಸೋರುವ ಲೈನ್ ಮನೆಗೆ ಹೆಂಚು, ಕೆಲಸವಿಲ್ಲದ ಜಡಿಮಳೆಯ ದಿನಗಳಿಗೆ ಅರ್ಧ ಕೂಲಿ, ಪಿಎಫ್‌ಗೆ ಮಾಲೀಕರ ಪಾಲಿನ ಶೇ 12, ಎಲ್ಲವೂ ದುಬಾರಿ. ಶಾಲು ಮಾತ್ರ ಡಜನ್ ಲೆಕ್ಕದಲ್ಲಿ ಅಗ್ಗ.

ಹೋಗಲಿ, ಹುಡುಗರನ್ನು ಹಿರಿಯರ ಜೊತೆ ಮರ ಹತ್ತಿಸಿ, ಒಂದೆರಡು ವರ್ಷ ಅರ್ಧ ಕೆಲಸಕ್ಕೆ ಪೂರಾ ಕೂಲಿ ಕೊಟ್ಟು ಕಲಿಸಿ ಎಂದರೆ ಉತ್ತರ ಸಿದ್ಧ: "ನಾವು ಕಲಿಸೋದು, ಪಕ್ಕದವನು ಎತ್ಹಾಕ್ಕಂಡು ಹೋಗೋದು!" ಹೀಗೆ ಹೇಳುವವರ ತೋಟದಲ್ಲಿ ಈ ವರ್ಷ ಮರ ಹತ್ತಿರುವವರೆಲ್ಲ ಪಕ್ಕದವನು ಕಲಿಸಿದವರೇ.